ಮೈಮರೆವಿಗೊಂದು ಅಳತೆಗೋಲು



ಕನ್ನಡದಲ್ಲಿ 'ಮೈಮರೆತು' ಎಂಬ ಸೊಗಸಾದ ಮಾತೊಂದಿದೆ. ಹಾಡು ಕೇಳುತ್ತ ಮೈಮರೆತರು, ಬಯಲಾಟ ನೋಡುತ್ತ ಮೈಮರೆತರು, ಕಾದಂಬರಿ ಓದುತ್ತ ಮೈಮರೆತು ಒಲೆಯ ಮೇಲಿನ ಹಾಲನ್ನು ಉಕ್ಕಿಸಿದರು ಎನ್ನುತ್ತೇವೆ. ತಲ್ಲೀನತೆ, ತನ್ಮಯತೆ, ಮಗ್ನತೆ ಎಂಬ ಪದಗಳೂ ನಮ್ಮಲ್ಲಿ ಬಳಕೆಯಲ್ಲಿವೆ. ಈ ಪದಗಳನ್ನು ಕೊಂಚ ಪರಿಶೀಲಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಇವೆಲ್ಲವೂ ಏನೋ ಒಂದು ಮರೆಯಾದುದನ್ನು ಹೇಳುವ ಪದಗಳು. ಮೈ ಇದೆ, ಅದರ ನೆನಪಿಲ್ಲ. ನೋಡುವವನು ಇದ್ದಾನೆ, ಆದರೆ ನೋಟದಲ್ಲಿ ಕರಗಿದ್ದಾನೆ. ಇರುವುದನ್ನು ಅಳೆಯಲು ಸೇರು, ಮಾರು, ತಕ್ಕಡಿಗಳಿವೆ. ಮರೆಯಾದುದನ್ನು ಅಳೆಯುವುದು ಹೇಗೆ? ಹಿಂದೆ ಕಾವ್ಯಮೀಮಾಂಸಕರಿಗೆ ಮಾತ್ರ ಸೇರಿದ್ದ ಈ ಪ್ರಶ್ನೆ ಇಂದು ಮನಶ್ಶಾಸ್ತ್ರಜ್ಞರ, ವೈದ್ಯರ, ವ್ಯಾಪಾರಿಗಳ ಮತ್ತು ತಂದೆತಾಯಿಗಳ ಪ್ರಶ್ನೆಯೂ ಆಗಿದೆ. ಅದಕ್ಕೆ ಕಾರಣ ವಿಡಿಯೊ ಆಟ.

ವಿಡಿಯೊ ಆಟವೆಂದೊಡನೆ ಮೂಗು ಮುರಿಯುವವರಿದ್ದಾರೆ. ಹುಡುಗರ ಹುಡುಗಾಟಕ್ಕೆ ಶಾಸ್ತ್ರವೇಕೆ ಎಂದು ಅವರು ಕೇಳಬಹುದು. ಆದರೆ ಶಾಸ್ತ್ರ ಬೇಡವೆಂದರೂ ಅಳತೆ ನಡೆದೇ ಇದೆ. ಊಟಕ್ಕೆ ಕರೆದಾಗ 'ಇನ್ನೈದು ನಿಮಿಷ' ಎನ್ನುವ ಮಗುವಿನ ತಾಯಿ ಗಡಿಯಾರ ನೋಡುತ್ತಾಳೆ. ಆಟವನ್ನು ಮಾರುವ ಸಂಸ್ಥೆಯೂ ಗಡಿಯಾರವನ್ನೇ ನೋಡುತ್ತದೆ. ತಾಯಿಗೆ ಆ ಗಂಟೆಗಳು ಕಡಿಮೆಯಾಗಬೇಕು, ಸಂಸ್ಥೆಗೆ ಹೆಚ್ಚಾಗಬೇಕು. ಇಬ್ಬರ ಆಸೆಯೂ ಬೇರೆ ಬೇರೆ, ಕೈಯಲ್ಲಿರುವ ಅಳತೆಗೋಲು ಮಾತ್ರ ಒಂದೇ. ಆ ಗಂಟೆಗಳೊಳಗೆ ಮಗುವಿನ ಮನಸ್ಸಿನಲ್ಲಿ ಏನು ನಡೆಯಿತೆಂಬುದನ್ನು ಗಡಿಯಾರ ಇಬ್ಬರಿಗೂ ಹೇಳಲಾರದು. ಅದನ್ನು ತಿಳಿಯಲು ಕಳೆದ ನಾಲ್ಕು ದಶಕಗಳಿಗೂ ಮೀರಿ ನಡೆದಿರುವ ಪ್ರಯತ್ನಗಳಲ್ಲಿ ಮುಖ್ಯವಾದ ಕೆಲವನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಆನೆಯನ್ನು ತೂಗಿದ ಜಾಣನ ಕಥೆಯನ್ನು ನೀವು ಬಾಲ್ಯದಲ್ಲಿ ಕೇಳಿರಬಹುದು. ಆನೆಯನ್ನು ಹೊರುವ ತಕ್ಕಡಿ ಎಲ್ಲಿಯೂ ಇರಲಿಲ್ಲ. ಜಾಣನು ಆನೆಯನ್ನು ದೋಣಿಯೊಳಗೆ ನಿಲ್ಲಿಸಿ, ನೀರು ಎಲ್ಲಿಯವರೆಗೆ ಏರಿತೆಂದು ಗುರುತು ಮಾಡಿದನು. ಬಳಿಕ ಆನೆಯನ್ನಿಳಿಸಿ, ದೋಣಿ ಅದೇ ಗುರುತಿಗೆ ಮುಳುಗುವವರೆಗೆ ಕಲ್ಲು ತುಂಬಿಸಿ, ಆ ಕಲ್ಲುಗಳನ್ನು ತೂಗಿಸಿದನು. ಅನುಭವವನ್ನು ಅಳೆಯಹೊರಟವರೆಲ್ಲರೂ ಈ ಜಾಣನ ದಾರಿಯನ್ನೇ ಹಿಡಿದಿದ್ದಾರೆ. ಯಾರೂ ಅನುಭವವನ್ನು ನೇರವಾಗಿ ತೂಗಿಲ್ಲ. ಅದು ಎಲ್ಲಿ ಗುರುತು ಬಿಡುತ್ತದೆಂದು ನೋಡಿದ್ದಾರೆ. ಆ ಗುರುತನ್ನು ಕೆಲವರು ಮಾತಿನಲ್ಲಿ ಹುಡುಕಿದರು, ಕೆಲವರು ಮೈಯಲ್ಲಿ, ಇನ್ನು ಕೆಲವರು ನಡೆಯಲ್ಲಿ.

ಮೊದಲ ಅಳತೆ ಎಲ್ಲಕ್ಕಿಂತ ಒರಟಾದುದು. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ, ಸಂದರ್ಶಕರ ಬೇಸರ ಕಳೆಯಲೆಂದು ಆಸಿಲೋಸ್ಕೋಪಿನ ಪುಟ್ಟ ತೆರೆಯ ಮೇಲೆ ಟೆನಿಸ್ ಆಟವೊಂದನ್ನು ರಚಿಸಿದ್ದರು. ಅದನ್ನು ಆಡಿದವರ ಸಂತೋಷವನ್ನು ಅಳೆಯುವ ಯೋಚನೆ ಆಗ ಯಾರಿಗೂ ಇರಲಿಲ್ಲ. 1972ರಲ್ಲಿ ಅಟಾರಿ ಸಂಸ್ಥೆಯು 'ಪಾಂಗ್' ಎಂಬ ಆಟದ ಮೊದಲ ಯಂತ್ರವನ್ನು ಕ್ಯಾಲಿಫೋರ್ನಿಯಾದ ಸನಿವೇಲ್ ಪಟ್ಟಣದ ಒಂದು ಪಾನಗೃಹದಲ್ಲಿ ಪರೀಕ್ಷಾರ್ಥವಾಗಿ ಇರಿಸಿತು. ಕೆಲವು ದಿನಗಳಲ್ಲಿಯೇ ಯಂತ್ರ ಕೆಟ್ಟಿದೆಯೆಂಬ ಸುದ್ದಿ ಬಂತು. ಅದನ್ನು ನಿರ್ಮಿಸಿದ ಆಲನ್ ಆಲ್ಕಾರ್ನ್ ಹೋಗಿ ತೆರೆದು ನೋಡಿದರೆ ಯಂತ್ರದಲ್ಲಿ ದೋಷವೇನೂ ಇರಲಿಲ್ಲ. ನಾಣ್ಯ ಬೀಳುವ ಡಬ್ಬಿ ತುಂಬಿ ತುಳುಕಿ ಯಂತ್ರ ಕಟ್ಟಿಕೊಂಡಿತ್ತು. ಆಟ ಜನರಿಗೆ ಹಿಡಿಸಿದೆ ಎಂಬುದಕ್ಕೆ ಅದೇ ಸಾಕ್ಷಿಯಾಯಿತು. ಅಂದಿನಿಂದ ಬಹುಕಾಲ ಆಟಗಾರನ ಅನುಭವಕ್ಕೆ ನಾಣ್ಯದ ಡಬ್ಬಿಯೇ ಮಾಪಕವಾಗಿತ್ತು. ಆ ಡಬ್ಬಿ ಇಂದಿಗೂ ಮಾಯವಾಗಿಲ್ಲ, ರೂಪವನ್ನು ಮಾತ್ರ ಬದಲಿಸಿಕೊಂಡಿದೆ. ಅದರ ವಿಚಾರಕ್ಕೆ ಮುಂದೆ ಬರುತ್ತೇನೆ.

ನಾಣ್ಯಗಳನ್ನು ಬದಿಗಿರಿಸಿ, ಆಟ ಏಕೆ ಹಿಡಿಸುತ್ತದೆಂದು ಕ್ರಮವಾಗಿ ಕೇಳಿದವರಲ್ಲಿ ಮೊದಲಿಗರು ಥಾಮಸ್ ಮಲೋನ್. 1980ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಅವರು ಒಪ್ಪಿಸಿದ ಪ್ರೌಢಪ್ರಬಂಧದ ವಿಷಯವೇ ಇದು. ಭಿನ್ನರಾಶಿಯನ್ನು ಕಲಿಸುವ ಒಂದು ಆಟವನ್ನು ಅವರು ಆರಿಸಿಕೊಂಡರು. ತೆರೆಯ ಮೇಲೆ ಸಂಖ್ಯೆಗಳ ಗೆರೆ. ಅದರ ಮೇಲೆ ಅಲ್ಲಲ್ಲಿ ಬಲೂನು. ಬಲೂನು ಯಾವ ಸಂಖ್ಯೆಯ ಬಳಿ ಇದೆಯೆಂದು ಸರಿಯಾಗಿ ಊಹಿಸಿದರೆ ಬಾಣ ಹಾರಿ ಬಲೂನು ಒಡೆಯುತ್ತದೆ. ಮಲೋನ್ ಈ ಆಟದಿಂದ ಒಮ್ಮೆ ಸಂಗೀತವನ್ನು, ಒಮ್ಮೆ ಅಂಕಗಳನ್ನು, ಒಮ್ಮೆ ಬಾಣ ಬಲೂನುಗಳ ಕಲ್ಪನೆಯನ್ನು ತೆಗೆದುಹಾಕಿ, ಹಲವು ರೂಪಗಳನ್ನು ಮಾಡಿ ಐದನೆಯ ತರಗತಿಯ ಮಕ್ಕಳ ಕೈಗೆ ಕೊಟ್ಟರು. ಬಲೂನು ಒಡೆಯುವ ಕಲ್ಪನೆ ಹುಡುಗರಿಗೆ ಬಹಳ ಹಿಡಿಸಿತು, ಹುಡುಗಿಯರಿಗೆ ಅದು ರುಚಿಸಲಿಲ್ಲ. ಎರಡನ್ನೂ ಕೂಡಿಸಿ ಸರಾಸರಿ ತೆಗೆದಿದ್ದರೆ ಆ ಕಲ್ಪನೆಯಿಂದ ಏನೂ ಪರಿಣಾಮವಿಲ್ಲವೆಂದು ತೋರುವ ಅಪಾಯವಿತ್ತು. ಅನುಭವದ ಅಳತೆಯಲ್ಲಿ ಕಲಿಯಬೇಕಾದ ಮೊದಲ ಪಾಠ ಇದು. ಅಳೆಯಬೇಕಾದುದು ಆಟ ಒಂದನ್ನೇ ಅಲ್ಲ; ಆಟ ಮತ್ತು ಆಡುವವರು ಕೂಡಿದಾಗ ಹುಟ್ಟುವ ಮೂರನೆಯ ವಸ್ತುವನ್ನು.

ಆ ಮೂರನೆಯ ವಸ್ತುವಿಗೆ ಹೆಸರು ಕೊಟ್ಟವರು ಹಂಗೇರಿ ಮೂಲದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್. 1975ರಲ್ಲಿ ಪ್ರಕಟವಾದ ತಮ್ಮ ಗ್ರಂಥಕ್ಕಾಗಿ ಅವರು ಬಂಡೆ ಏರುವವರನ್ನು, ಚದುರಂಗ ಆಡುವವರನ್ನು, ನರ್ತಕರನ್ನು, ಶಸ್ತ್ರವೈದ್ಯರನ್ನು ಮಾತನಾಡಿಸಿದ್ದರು. ಇವರೆಲ್ಲರ ಮಾತಿನಲ್ಲಿಯೂ ಒಂದೇ ಬಗೆಯ ಸ್ಥಿತಿಯ ವರ್ಣನೆ ಇತ್ತು. ಎದುರಿನ ಸವಾಲು ಮತ್ತು ತನ್ನ ಕೌಶಲ ಸರಿದೂಗಿದಾಗ, ಮಾಡುವವನೂ ಮಾಡುವ ಕೆಲಸವೂ ಒಂದಾಗಿ, ಕಾಲದ ಅರಿವು ಅಳಿಸಿಹೋಗುತ್ತದೆ. ಸವಾಲು ಹೆಚ್ಚಾದರೆ ಆತಂಕ, ಕೌಶಲ ಹೆಚ್ಚಾದರೆ ಬೇಸರ. ಎರಡರ ನಡುವಣ ಈ ಸ್ಥಿತಿಯನ್ನು ಅವರು 'ಹರಿವು' ಎಂದು ಕರೆದರು. ಇದನ್ನು ಅಳೆಯುವಾಗ ಅವರಿಗೆ ಎದುರಾದ ತೊಡಕು ಸ್ವಾರಸ್ಯವಾದುದು. ಹರಿವಿನಲ್ಲಿರುವವನನ್ನು ತಡೆದು ಕೇಳಿದರೆ ಹರಿವು ನಿಲ್ಲುತ್ತದೆ. ಮುಗಿದ ಮೇಲೆ ಕೇಳಿದರೆ ನೆನಪು ಕಲಬೆರಕೆಯಾಗುತ್ತದೆ. ಅವರು ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದಲ್ಲಿ ಒಂದು ಉಪಾಯ ಹೂಡಿದರು. ಜನರ ಜೇಬಿಗೆ ಪೇಜರ್ ಎಂಬ ಪುಟ್ಟ ಯಂತ್ರ ಕೊಟ್ಟು, ದಿನದಲ್ಲಿ ಯಾವ ಹೊತ್ತಿಗಾದರೂ ಅದು ಕೂಗುವಂತೆ ಮಾಡಿದರು. ಕೂಗಿದೊಡನೆ ತಾನು ಏನು ಮಾಡುತ್ತಿದ್ದೆ, ಹೇಗಿತ್ತು ಎಂಬುದನ್ನು ಬರೆದಿಡಬೇಕು. ತೊಡಕು ಪೂರ್ತಿ ಬಿಡಲಿಲ್ಲವಾದರೂ, ನೆನಪಿಗೂ ಅನುಭವಕ್ಕೂ ನಡುವಣ ದೂರ ಕಡಿಮೆಯಾಯಿತು.

ವಿಡಿಯೊ ಆಟದ ತಲ್ಲೀನತೆಯನ್ನೇ ಗುರಿಯಾಗಿಸಿಕೊಂಡ ಸಂಶೋಧನೆಗೆ ಲಂಡನ್ನಿನಲ್ಲಿ ಎಮಿಲಿ ಬ್ರೌನ್ ಮತ್ತು ಪಾಲ್ ಕೇರ್ನ್ಸ್ 2004ರಲ್ಲಿ ಪ್ರಕಟಿಸಿದ ಬರಹ ಅಡಿಪಾಯವಾಯಿತು. ಅವರು ಮಾತನಾಡಿಸಿದ್ದು ಕೇವಲ ಏಳು ಮಂದಿ ಆಟಗಾರರನ್ನು. ಆದರೆ ಸಾವಧಾನವಾಗಿ ಮಾತನಾಡಿಸಿದರು. ಆ ಮಾತುಕತೆಯಿಂದ ಮೂರು ಮೆಟ್ಟಿಲುಗಳು ಕಾಣಿಸಿದವು. ಮೊದಲನೆಯದು ತೊಡಗುವಿಕೆ. ಇಲ್ಲಿ ಆಟಗಾರನು ತನ್ನ ಹೊತ್ತನ್ನೂ ಶ್ರಮವನ್ನೂ ಆಟಕ್ಕೆ ಕೊಡಲು ಒಪ್ಪಬೇಕು. ಎರಡನೆಯದು ಮಗ್ನತೆ. ಇಲ್ಲಿ ಅವನ ಭಾವಗಳು ಆಟದೊಡನೆ ಹೆಣೆದುಕೊಳ್ಳುತ್ತವೆ, ಕೈಯಲ್ಲಿರುವ ಗುಂಡಿಗಳು ಮರೆತುಹೋಗುತ್ತವೆ. ಮೂರನೆಯದು ಪೂರ್ಣ ತಲ್ಲೀನತೆ, 'ನಾನು ಅಲ್ಲಿಯೇ ಇದ್ದೆ' ಎನಿಸುವ ಸ್ಥಿತಿ. ಇದು ಅಪರೂಪ, ಬಂದರೂ ಬೇಗ ಜಾರುತ್ತದೆ. ಪ್ರತಿ ಮೆಟ್ಟಿಲಿಗೂ ಒಂದೊಂದು ಬಾಗಿಲು ಇದೆ. ಆಟದ ರಚನೆ ಆ ಬಾಗಿಲನ್ನು ತೆರೆದಿಡಬಲ್ಲದು, ಒಳಗೆ ಕರೆತರುವ ಭರವಸೆಯನ್ನು ಮಾತ್ರ ಕೊಡಲಾರದು.

ಈ ಅಡಿಪಾಯದ ಮೇಲೆ ಷಾರ್ಲೀನ್ ಜೆನೆಟ್ ಮತ್ತು ಸಂಗಡಿಗರು 2008ರಲ್ಲಿ 31 ಪ್ರಶ್ನೆಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಪ್ರಶ್ನಾವಳಿಯ ಮಾತನ್ನು ಕುರುಡಾಗಿ ನಂಬದೆ ಬೇರೆ ಗುರುತುಗಳನ್ನೂ ಹುಡುಕಿದ್ದು ಅವರ ಕೆಲಸದ ಗುಣ. ಒಂದು ಪ್ರಯೋಗದಲ್ಲಿ ಜನರಿಗೆ ಮೊದಲು ಟ್ಯಾನ್‌ಗ್ರಾಮ್ ಎಂಬ ಚೀನೀ ಒಗಟಿನ ತುಂಡುಗಳನ್ನು ಜೋಡಿಸಲು ಹೇಳಿದರು. ಬಳಿಕ ಕೆಲವರು ಒಂದು ರೋಚಕ ಆಟ ಆಡಿದರು. ಇನ್ನು ಕೆಲವರು ತೆರೆಯ ಮೇಲೆ ಮೂಡುವ ಚೌಕಗಳನ್ನು ಸುಮ್ಮನೆ ಒತ್ತುತ್ತ ಕುಳಿತರು. ಆಮೇಲೆ ಎಲ್ಲರೂ ಮತ್ತೆ ಒಗಟಿಗೆ ಬಂದರು. ಚೌಕ ಒತ್ತಿದವರ ವೇಗ ಎರಡನೆಯ ಸಲ ಚೆನ್ನಾಗಿ ಸುಧಾರಿಸಿತು. ಆಟದಿಂದೆದ್ದು ಬಂದವರದು ಅಷ್ಟು ಸುಧಾರಿಸಲಿಲ್ಲ. ಅವರ ಕೈ ಒಗಟಿನ ಮೇಲಿತ್ತು, ಮನಸ್ಸಿನ ಒಂದು ಪಾಲು ಇನ್ನೂ ಆಟದಲ್ಲಿಯೇ ಉಳಿದಿತ್ತು. ಇನ್ನೊಂದು ಪ್ರಯೋಗದಲ್ಲಿ ಕಣ್ಣಿನ ಚಲನೆಯನ್ನು ಅಳೆದರು. ನೀರಸ ಕೆಲಸದಲ್ಲಿ ಹೊತ್ತು ಹೋದಂತೆ ಕಣ್ಣಿನ ಅಲೆದಾಟ ಹೆಚ್ಚಿತು, ಆಟದಲ್ಲಿ ಕಡಿಮೆಯಾಯಿತು. ಊಟಕ್ಕೆ ಎದ್ದು ಬಂದ ಮಗು ತಟ್ಟೆಯ ಮುಂದೆ ಮಂಕಾಗಿ ಕೂರುವುದೇಕೆ ಎಂಬುದಕ್ಕೆ ಇಲ್ಲಿ ಸ್ವಲ್ಪ ಬೆಳಕು ದೊರೆಯುತ್ತದೆ. ಮನಸ್ಸು ಒಂದು ಲೋಕದಿಂದ ಇನ್ನೊಂದು ಲೋಕಕ್ಕೆ ಬರಲು ತುಸು ಹೊತ್ತು ಬೇಕು.

ಅದೇ ಸಂಶೋಧನೆಯಲ್ಲಿ ಇನ್ನೊಂದು ಮಾತು ಹೊರಬಿತ್ತು. ತಲ್ಲೀನತೆ ಯಾವಾಗಲೂ ಸುಖವಲ್ಲ. ತಲ್ಲೀನರಾದವರಲ್ಲಿ ಕಳವಳ, ಉದ್ವೇಗಗಳೂ ಏರಿದ್ದವು. ಕರುಣರಸದ ಪ್ರಸಂಗವನ್ನು ಅಳುತ್ತಲೇ ನೋಡಿ, ಮರುವರ್ಷ ಮತ್ತೆ ಅದನ್ನೇ ನೋಡಲು ಹೋಗುವ ನಮ್ಮ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಪ್ರಶ್ನಾವಳಿಯಿಂದ ಕೆಲಸ ಮುಗಿಯಿತೇ? ಇಲ್ಲವೆಂದು ಗಟ್ಟಿಯಾಗಿ ಹೇಳಿದವರಲ್ಲಿ ಪ್ರಮುಖರು ಮೆಲ್ ಸ್ಲೇಟರ್. ಕಣ್ಣಿಗೆ ಕವಚ ತೊಡಿಸಿ ಯಂತ್ರಸೃಷ್ಟಿಯ ಲೋಕವೊಂದನ್ನು ತೋರಿಸುವ ವಿದ್ಯೆಯಲ್ಲಿ ಬಹುಕಾಲ ದುಡಿದವರು ಅವರು. ಅಂತಹ ಲೋಕದಲ್ಲಿ 'ನಾನು ಅಲ್ಲಿದ್ದೇನೆ' ಎಂಬ ಭಾವ ಎಷ್ಟರಮಟ್ಟಿಗೆ ಮೂಡುತ್ತದೆಂದು ಅಳೆಯಲು ಹಲವು ಪ್ರಶ್ನಾವಳಿಗಳು ಬಳಕೆಯಲ್ಲಿದ್ದವು. 2000ದಲ್ಲಿ ಅವರೂ ಸಂಗಡಿಗರೂ ಒಂದು ಸರಳ ಪರೀಕ್ಷೆ ಮಾಡಿದರು. ಕೆಲವರನ್ನು ನಿಜವಾದ ಕಚೇರಿಯೊಂದಕ್ಕೆ ಕಳುಹಿಸಿ ಒಂದು ಪೆಟ್ಟಿಗೆಯನ್ನು ಹುಡುಕಲು ಹೇಳಿದರು. ಇನ್ನು ಕೆಲವರಿಗೆ ಅದೇ ಕಚೇರಿಯ ಯಂತ್ರರೂಪವನ್ನು ತೋರಿಸಿ ಅದೇ ಕೆಲಸ ಕೊಟ್ಟರು. ಬಳಿಕ ಇಬ್ಬರಿಗೂ ಅದೇ ಪ್ರಶ್ನಾವಳಿಗಳು. ನಿಜವಾದ ಕೋಣೆಯಲ್ಲಿ ನಿಂತವನಿಗೂ ತೆರೆಯ ಮೇಲಿನ ಕೋಣೆಯಲ್ಲಿ ನಿಂತವನಿಗೂ ಇರುವ ಅಂತರವನ್ನು ಆ ಪ್ರಶ್ನಾವಳಿಗಳು ಸ್ಪಷ್ಟವಾಗಿ ಎತ್ತಿ ತೋರಿಸಲಾರದೆ ಹೋದವು. ನೆಲವನ್ನೂ ನೆರಳನ್ನೂ ಬೇರೆಯೆಂದು ತಿಳಿಯಲಾರದ ಅಳತೆಗೋಲನ್ನು ಎಷ್ಟು ನಂಬಬೇಕು?

2004ರಲ್ಲಿ ಸ್ಲೇಟರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 74 ಮಂದಿಯನ್ನು ಕರೆದು 'ನಿಮ್ಮ ನಿನ್ನೆಯ ದಿನ ಎಷ್ಟು ಬಣ್ಣಬಣ್ಣವಾಗಿತ್ತು?' ಎಂಬ ಧಾಟಿಯ ಪ್ರಶ್ನೆಗಳನ್ನು ಕೇಳಿದರು. ದಿನಕ್ಕೆ ಬಣ್ಣವೆಲ್ಲಿಂದ ಬಂತು? ಅದು ಅವರು ಬೇಕೆಂದೇ ಹೊಸೆದ ಗುಣ. ಆದರೂ ಜನ ಗಂಭೀರವಾಗಿ ಉತ್ತರಿಸಿದರು, ಅಂಕಗಳು ಒದಗಿದವು, ಆ ಅಂಕಗಳಿಗೂ ದಿನದ ಬೇರೆ ಸಂಗತಿಗಳಿಗೂ ಸಂಖ್ಯಾಶಾಸ್ತ್ರದ ಪ್ರಕಾರ ಸಂಬಂಧವೂ ಕಾಣಿಸಿತು. ಕೇಳಿದ್ದಕ್ಕೆಲ್ಲ ಉತ್ತರ ಬರುತ್ತದೆ. ಉತ್ತರ ಬಂದ ಮಾತ್ರಕ್ಕೆ ಕೇಳಿದ ವಸ್ತು ಮನಸ್ಸಿನೊಳಗೆ ಮೊದಲೇ ಇತ್ತೆಂದು ಆಗುವುದಿಲ್ಲ. ಸ್ಲೇಟರ್ ಅವರ ವಾದದ ತಿರುಳು ಇದು. ಆಟದ ಸಂಶೋಧಕರೂ ಇದನ್ನು ಕೇಳಿಸಿಕೊಂಡರು. ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ರೂಪುಗೊಂಡು ಎಲ್ಲೆಡೆ ಬಳಕೆಯಾಗುತ್ತಿದ್ದ 'ಗೇಮ್ ಎಕ್ಸ್‌ಪೀರಿಯೆನ್ಸ್' ಪ್ರಶ್ನಾವಳಿಯನ್ನು 2018ರಲ್ಲಿ ಪರಿಶೀಲಿಸಿದವರು, ಅದು ತಾನು ಅಳೆಯುತ್ತೇನೆಂದು ಹೇಳುವ ಗುಣಗಳು ಅಂಕಿಗಳಲ್ಲಿ ಹಾಗೆಯೇ ಬೇರ್ಪಟ್ಟು ಬರುವುದಿಲ್ಲವೆಂದು ತೋರಿಸಿದರು. ಎಷ್ಟೋ ವರ್ಷ ಎಷ್ಟೋ ಜನ ಆ ಕೋಲಿನಿಂದ ಅಳೆದಿದ್ದರು. ಕೋಲನ್ನೇ ಅಳೆಯುವ ಕೆಲಸ ತಡವಾಗಿ ನಡೆಯಿತು.

ಮಾತು ಕೈಕೊಟ್ಟರೆ ಮೈಯನ್ನು ಕೇಳೋಣವೆಂದು ಕೆಲವರು ಹೊರಟರು. ಇದು ನಮಗೆ ಅಪರಿಚಿತವಾದ ದಾರಿಯಲ್ಲ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂದು ನಾಟ್ಯಶಾಸ್ತ್ರವು ಎಂಟು ಸಾತ್ತ್ವಿಕ ಭಾವಗಳನ್ನು ಎಣಿಸಿದೆ. ಒಳಗಿನ ಭಾವ ಬೆವರಾಗಿ, ನಡುಕವಾಗಿ, ಕಣ್ಣೀರಾಗಿ ಮೈಮೇಲೆ ಮೂಡುತ್ತದೆಂಬ ತಿಳಿವಳಿಕೆ ಅಷ್ಟು ಹಳೆಯದು. ಇಂದಿನ ಪ್ರಯೋಗಾಲಯವು ಅದೇ ಸ್ವೇದವನ್ನು ಬೆರಳಿಗೆ ಕಟ್ಟಿದ ತಂತಿಯಿಂದ ಅಳೆಯುತ್ತದೆ. ಮನಸ್ಸು ಕೆರಳಿದಾಗ ಚರ್ಮದ ಬೆವರುಗ್ರಂಥಿಗಳು ಚುರುಕಾಗಿ, ಚರ್ಮದ ಮೂಲಕ ವಿದ್ಯುತ್ತು ಹೆಚ್ಚು ಸುಲಭವಾಗಿ ಹರಿಯುತ್ತದೆ.

ಕೆನಡಾದಲ್ಲಿ ರೀಗನ್ ಮ್ಯಾಂಡ್ರಿಕ್ ಮತ್ತು ಕೋರಿ ಇಂಕ್‌ಪೆನ್ 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಐಸ್ ಹಾಕಿಯ ವಿಡಿಯೊ ಆಟವನ್ನು ಜನ ಒಮ್ಮೆ ಕಂಪ್ಯೂಟರಿನ ವಿರುದ್ಧ, ಒಮ್ಮೆ ಪಕ್ಕದಲ್ಲಿ ಕುಳಿತ ಗೆಳೆಯನ ವಿರುದ್ಧ ಆಡಿದರು. ಗೆಳೆಯ ಎದುರಾಳಿಯಾದಾಗ ಚರ್ಮದ ವಿದ್ಯುದ್ವಾಹಕತೆ ಹೆಚ್ಚಿತು, ದವಡೆಯ ಸ್ನಾಯುಗಳೂ ಹೆಚ್ಚು ದುಡಿದವು. ಹಾಗೆ ಆಡುವುದೇ ಹೆಚ್ಚು ಹಿತವೆಂದು ಆಟಗಾರರೂ ಹೇಳಿದರು. ಆಟ ಅದೇ, ನಿಯಮ ಅದೇ; ಪಕ್ಕದಲ್ಲೊಬ್ಬ ಮನುಷ್ಯನಿದ್ದಾನೆಂಬುದು ಮೈಗೆ ತಿಳಿದಿತ್ತು.

ಮೈ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಆದರೆ ಅದು ಅರ್ಧವನ್ನಷ್ಟೇ ಹೇಳುತ್ತದೆ. ಬೆವರು ಭಯದ್ದೋ ಹರ್ಷದ್ದೋ ಎಂದು ತಂತಿಗೆ ತಿಳಿಯದು. ಅದಕ್ಕಾಗಿ ಫಿನ್ಲೆಂಡಿನ ನಿಕ್ಲಾಸ್ ರಾವಾಯಾ ಮತ್ತು ಸಂಗಡಿಗರು ಮುಖದ ಸ್ನಾಯುಗಳನ್ನು ಅಳೆದರು. ನಗುವಾಗ ದುಡಿಯುವ ಕೆನ್ನೆಯ ಸ್ನಾಯು ಒಂದು, ಹುಬ್ಬು ಗಂಟಿಕ್ಕುವ ಸ್ನಾಯು ಇನ್ನೊಂದು. ಗಾಜಿನ ಚೆಂಡಿನೊಳಗಿನ ಮಂಗವನ್ನು ಉರುಳಿಸಿಕೊಂಡು ಹೋಗುವ 'ಸೂಪರ್ ಮಂಕಿ ಬಾಲ್ 2' ಎಂಬ ಆಟವನ್ನು ಆಡಿಸಿದರು. ಅಂಚಿನಿಂದ ಮಂಗ ಕೆಳಗೆ ಬಿದ್ದರೆ ಅದು ಸೋಲು. ಆದರೆ ಬಿದ್ದ ಕ್ಷಣದಲ್ಲಿ ಕೆನ್ನೆ ನಗುವಿನತ್ತ ತಿರುಗಿತು, ಹುಬ್ಬು ಸಡಿಲವಾಯಿತು. ಅದೇ ಬೀಳುವಿಕೆಯನ್ನು ಯಂತ್ರವು ಮತ್ತೊಮ್ಮೆ ತೋರಿಸಿದಾಗ ಆ ನಗು ಇರಲಿಲ್ಲ. ತಾನೇ ಆಡಿ ಬಿದ್ದಾಗ ಅದು ಮೋಜು. ಕೈ ಕಟ್ಟಿ ಕುಳಿತು ಅದನ್ನೇ ನೋಡಬೇಕಾದಾಗ ಕಹಿ. ಸೋಲು ಗೆಲುವುಗಳ ಲೆಕ್ಕವನ್ನು ಮಾತ್ರ ನೋಡುವವನಿಗೆ ಈ ಸೂಕ್ಷ್ಮ ಎಂದೂ ಸಿಕ್ಕುತ್ತಿರಲಿಲ್ಲ.

ಮೂರನೆಯ ದಾರಿ ನಡೆಯದು. ಇಂದಿನ ಆಟಯಂತ್ರವು ಆಡುವವನ ಪ್ರತಿ ಹೆಜ್ಜೆಯನ್ನೂ ಬರೆದಿಡಬಲ್ಲದು. 2007ರಲ್ಲಿ ಹೊರಬಂದ 'ಹೇಲೊ 3' ಎಂಬ ಆಟವನ್ನು ಮಾರುಕಟ್ಟೆಗೆ ಬಿಡುವ ಮೊದಲು ಮೈಕ್ರೊಸಾಫ್ಟ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಸುಮಾರು 600 ಮಂದಿ ಸಾಮಾನ್ಯ ಆಟಗಾರರಿಂದ 3,000 ಗಂಟೆಗಳಷ್ಟು ಆಡಿಸಿ ನೋಡಿದರು. ಯಾರು ಎಲ್ಲಿ ಸತ್ತರು, ಎಲ್ಲಿ ದಾರಿ ತಪ್ಪಿ ಅಲೆದರು ಎಂಬುದನ್ನೆಲ್ಲ ನಕ್ಷೆಯ ಮೇಲೆ ಬಣ್ಣದ ಚುಕ್ಕೆಗಳಾಗಿ ಗುರುತಿಸಿ, ಆ ತಾಣಗಳನ್ನು ತಿದ್ದಿದರು. 2008ರ 'ಲೆಫ್ಟ್ 4 ಡೆಡ್' ಎಂಬ ಆಟದಲ್ಲಿ ಅಳತೆಯು ಇನ್ನೊಂದು ಹೆಜ್ಜೆ ಮುಂದುವರಿಯಿತು. ನಾಲ್ವರು ಆಟಗಾರರು ಪ್ರೇತಸಮಾನರಾದ ಜನರ ದಂಡಿನಿಂದ ಪಾರಾಗಬೇಕಾದ ಆಟ ಅದು. ಪ್ರತಿಯೊಬ್ಬನ ಉದ್ವೇಗ ಎಷ್ಟಿರಬಹುದೆಂದು ಯಂತ್ರವೇ ಲೆಕ್ಕ ಹಾಕುತ್ತದೆ. ಪೆಟ್ಟು ತಿಂದಾಗ ಅಂಕ ಏರುತ್ತದೆ, ಶಾಂತವಾಗಿದ್ದಾಗ ಇಳಿಯುತ್ತದೆ. ಶಿಖರ ಮುಟ್ಟಿತೆಂದು ಕಂಡರೆ ಸ್ವಲ್ಪ ಹೊತ್ತು ದಂಡನ್ನು ತಡೆದು ಉಸಿರಾಡಲು ಬಿಡುತ್ತದೆ. ಪ್ರೇಕ್ಷಕರ ಮುಖ ನೋಡಿ ಚೆಂಡೆಯ ಪೆಟ್ಟನ್ನು ಏರಿಸಿ ಇಳಿಸುವ ಅನುಭವಿ ಕಲಾವಿದನ ಕೆಲಸವನ್ನು ಇಲ್ಲಿ ಯಂತ್ರ ಮಾಡಲೆತ್ನಿಸಿದೆ.

ಇಲ್ಲಿಂದ ಮುಂದೆ ಅಳತೆಯ ಸ್ವಭಾವವೇ ಬದಲಾಗುತ್ತದೆ ಎಂಬುದನ್ನು ನಾವು ಗಮನಿಸಬೇಕು. ಸಂಶೋಧಕನ ಅಳತೆ ಅನುಭವವನ್ನು ಅರಿಯಲು ಹೊರಟಿತ್ತು. ರಚನಕಾರನ ಕೈಗೆ ಬಂದ ಅಳತೆ ಅನುಭವವನ್ನು ರೂಪಿಸತೊಡಗುತ್ತದೆ. ಏನನ್ನು ಅಳೆಯುತ್ತೇವೆಯೋ ಅದನ್ನೇ ಬೆಳೆಸುತ್ತೇವೆ. ಉದ್ವೇಗವನ್ನು ಅಳೆದರೆ ಉದ್ವೇಗದ ಏರಿಳಿತ ಚೆಂದವಾಗುತ್ತದೆ. ಪ್ರತಿದಿನ ಎಷ್ಟು ಜನ ಮರಳಿ ಬಂದರು, ಎಷ್ಟು ನಿಮಿಷ ಉಳಿದರು, ಎಷ್ಟು ಹಣ ತೆತ್ತರು ಎಂಬುದನ್ನು ಮಾತ್ರ ಅಳೆದರೆ, ಆಟವು ದಿನೇದಿನೇ ಆ ಮೂರಕ್ಕೆ ತಕ್ಕಂತೆ ತಿದ್ದಲ್ಪಡುತ್ತದೆ. ಪುಕ್ಕಟೆ ದೊರೆತು ಒಳಗೆ ಹಣ ಕೇಳುವ ಎಷ್ಟೋ ಆಟಗಳಲ್ಲಿ ಇಂದು ನಡೆಯುತ್ತಿರುವುದು ಇದೇ. ಇಂದು ಬಾರದಿದ್ದರೆ ನಿನ್ನೆ ಗಳಿಸಿದ್ದು ಹೋಗುತ್ತದೆ ಎಂಬ ಬೆದರಿಕೆ, ತೆರೆದರೆ ಏನಿರುತ್ತದೆಂದು ತಿಳಿಯದ ಪೆಟ್ಟಿಗೆ, ಕಾಯಲಾರದವನಿಗೆ ಹಣ ತೆತ್ತು ಮುಂದೆ ಸಾಗುವ ದಾರಿ, ಇವೆಲ್ಲ ಆ ಅಳತೆಗೆ ಹುಟ್ಟಿದ ಮಕ್ಕಳು. ಸನಿವೇಲ್‌ನ ಪಾನಗೃಹದಲ್ಲಿ ತುಂಬಿ ತುಳುಕಿದ ನಾಣ್ಯದ ಡಬ್ಬಿ ಈಗ ಆಟದೊಳಗೇ ಬಂದು ಕುಳಿತಿದೆ. ಉಳಿದ ನಿಮಿಷಗಳು ತಲ್ಲೀನತೆಯ ನಿಮಿಷಗಳೇ, ಬಿಡಲಾರದ ಸಂಕಟದ ನಿಮಿಷಗಳೇ ಎಂದು ಆ ಡಬ್ಬಿ ಕೇಳುವುದಿಲ್ಲ.

ಈ ಎರಡರ ಅಂತರವನ್ನು ಕನ್ನಡ ಒಂದೇ ಅಕ್ಷರದಲ್ಲಿ ಹೇಳಬಲ್ಲದು. 'ಆಡಬೇಕು' ಎಂಬುದು ಒಂದು, 'ಆಡಲೇಬೇಕು' ಎಂಬುದು ಇನ್ನೊಂದು. ನಡುವೆ ಬಂದ ಆ 'ಲೇ' ಎಂಬ ಅಕ್ಷರದಲ್ಲಿ ಸ್ವಾತಂತ್ರ್ಯವೆಲ್ಲ ಕಳೆದುಹೋಗಿದೆ. ಆಂಡ್ರ್ಯೂ ಪ್ಶಿಬಿಲ್‌ಸ್ಕಿ, ರಿಚರ್ಡ್ ರಯಾನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯ ಇದೇ ಅಂತರ. ಇಷ್ಟವಿದ್ದು ಆಡುವವರನ್ನೂ ಆಡದೆ ಇರಲಾರೆನೆಂದು ಆಡುವವರನ್ನೂ ಅವರು ಪ್ರಶ್ನಾವಳಿಗಳಿಂದ ಬೇರ್ಪಡಿಸಿದರು. ತನ್ನ ಕೆಲಸವನ್ನು ತಾನೇ ಆರಿಸಿಕೊಂಡೆನೆಂಬ ಭಾವ, ಒಂದು ಕೆಲಸ ನನ್ನಿಂದಾಗುತ್ತದೆಂಬ ಭಾವ, ನನಗೆ ನಾಲ್ವರಿದ್ದಾರೆಂಬ ಭಾವ, ಈ ಮೂರು ಮನುಷ್ಯನ ಮೂಲ ಅಗತ್ಯಗಳೆಂಬುದು ರಯಾನ್ ಅವರ ಸಿದ್ಧಾಂತ. ದಿನನಿತ್ಯದ ಬಾಳಿನಲ್ಲಿ ಈ ಮೂರೂ ಬತ್ತಿದವರಲ್ಲಿ 'ಆಡಲೇಬೇಕು' ಎಂಬುದು ಹೆಚ್ಚಾಗಿತ್ತು. ಆಟ ಅಲ್ಲಿ ಊರುಗೋಲಾಗಿತ್ತು. ಊರುಗೋಲನ್ನು ಕಿತ್ತುಕೊಂಡರೆ ಕಾಲು ವಾಸಿಯಾಗುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ 'ಗೇಮಿಂಗ್ ಡಿಸಾರ್ಡರ್' ಎಂಬ ತೊಂದರೆಗೂ ಸ್ಥಾನವಿದೆ. ಅದರ ಲಕ್ಷಣಗಳನ್ನು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಇಷ್ಟು ಗಂಟೆ ಆಡಿದರೆ ರೋಗವೆಂಬ ಮಿತಿ ಅಲ್ಲೆಲ್ಲೂ ಇಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯೇ, ಬಾಳಿನ ಉಳಿದ ಆಸಕ್ತಿ ಮತ್ತು ನಿತ್ಯದ ಕೆಲಸಗಳನ್ನು ಆಟ ಹಿಂದಿಕ್ಕಿದೆಯೇ, ಕೇಡಾಗುತ್ತಿದ್ದರೂ ಅದು ಮುಂದುವರಿಯುತ್ತಿದೆಯೇ ಎಂದು ಅದು ಕೇಳುತ್ತದೆ. ಈ ಸ್ಥಿತಿ ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಇರಬೇಕೆನ್ನುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ತಂತ್ರಜ್ಞಾನದ ಮಿತಿಮೀರಿದ ಬಳಕೆಯಿಂದ ತೊಂದರೆಗೆ ಸಿಕ್ಕವರಿಗಾಗಿಯೇ 'ಶಟ್' ಎಂಬ ಚಿಕಿತ್ಸಾಲಯವನ್ನು 2014ರಲ್ಲಿ ತೆರೆಯಿತು. ಇಂತಹ ನೆರವು ನಮ್ಮ ನಾಡಿನಲ್ಲಿಯೇ ಇದೆಯೆಂಬುದು ಸಮಾಧಾನದ ವಿಷಯ. 2025ರ ಆಗಸ್ಟಿನಲ್ಲಿ ಭಾರತದ ಸಂಸತ್ತು ಅಂಗೀಕರಿಸಿದ ಕಾಯಿದೆಯೂ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಉಳಿದ ಆಟಗಳಿಂದ ಬೇರ್ಪಡಿಸಿಯೇ ನಿಷೇಧಿಸಿತು. ಎಲ್ಲ ಆಟವೂ ಒಂದಲ್ಲವೆಂಬ ವಿವೇಕ ವೈದ್ಯರಿಗೂ ಶಾಸನಕರ್ತರಿಗೂ ಬೇಕಾಗಿದೆ, ಮನೆಯಲ್ಲಿಯೂ ಬೇಕಾಗಿದೆ.

ಗಡಿಯಾರದ ವಿಚಾರವಾಗಿ ಆಕ್ಸ್‌ಫರ್ಡಿನಲ್ಲಿ ನಡೆದ ಒಂದು ದೊಡ್ಡ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಜನ ತಾವು ಆಡಿದ ಹೊತ್ತನ್ನು ತಾವೇ ಅಂದಾಜು ಮಾಡಿದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಪ್ಶಿಬಿಲ್‌ಸ್ಕಿಯವರ ತಂಡ ಆಟದ ಸಂಸ್ಥೆಗಳಿಂದಲೇ ಆಡಿದ ಹೊತ್ತಿನ ದಾಖಲೆಗಳನ್ನು ಪಡೆಯಿತು. 2022ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಏಳು ಆಟಗಳ 38,935 ಮಂದಿ ಆಟಗಾರರಿದ್ದರು. ಆಡಿದ ಹೊತ್ತು ಹೆಚ್ಚಾದುದರಿಂದ ಅವರ ನೆಮ್ಮದಿ ಏರಿದ್ದೂ ಇಳಿದದ್ದೂ ಇಲ್ಲವೆನ್ನುವಷ್ಟು ಅಲ್ಪ. ನೆಮ್ಮದಿಯೊಡನೆ ನಂಟು ಕಾಣಿಸಿದ್ದು ಅವರು ಯಾವ ಒತ್ತಾಸೆಯಿಂದ ಆಡುತ್ತಿದ್ದರು ಎಂಬುದಕ್ಕೆ. ತಾವಾಗಿ ಆಡುವವರು ಒಂದು ಬಗೆ, ಏನೋ ಒತ್ತಡಕ್ಕೆ ಆಡುವವರು ಇನ್ನೊಂದು ಬಗೆ. ಇದು ಎಲ್ಲರ ಸರಾಸರಿಯ ಮಾತು ಎಂಬುದನ್ನು ಮರೆಯಬಾರದು. ಹಿಡಿತ ತಪ್ಪಿದ ಒಂದು ಮಗುವಿನ ಸಂಕಟವನ್ನು ಸಾವಿರಾರು ಜನರ ಸರಾಸರಿ ಅಳಿಸಲಾರದು. ನಿದ್ದೆ, ಓದು, ಓಡಾಟಗಳಿಗೆ ಹೊತ್ತು ಉಳಿಯಬೇಕೆಂಬ ಮಾತೂ ತನ್ನ ಸ್ಥಾನದಲ್ಲಿ ಸರಿಯೇ. ಆದರೆ ಗಡಿಯಾರ ಒಂದರಿಂದಲೇ ತೀರ್ಪು ಕೊಡುವ ನಮ್ಮ ಅಭ್ಯಾಸವನ್ನು ಇದು ಪ್ರಶ್ನಿಸುತ್ತದೆ.

ಇಷ್ಟೆಲ್ಲ ಅಳತೆಗಳ ಬಳಿಕ ಉಳಿಯುವುದೇನು? ಪ್ರಶ್ನಾವಳಿ ಅನುಭವದ ಹೆಸರನ್ನು ಹೇಳುತ್ತದೆ, ಅದರ ಕಾವನ್ನು ಹೇಳಲಾರದು. ಬೆವರು ಕಾವನ್ನು ಹೇಳುತ್ತದೆ, ಹೆಸರನ್ನು ಹೇಳಲಾರದು. ದಾಖಲೆಯು ನಡೆದುದನ್ನು ಹೇಳುತ್ತದೆ, ಏಕೆಂದು ಹೇಳಲಾರದು. ಅದಕ್ಕಾಗಿಯೇ ಎಚ್ಚರವುಳ್ಳ ಸಂಶೋಧಕರು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಒಂದು ಇನ್ನೊಂದನ್ನು ತಿದ್ದಲು ಬಿಡುತ್ತಾರೆ. ಕೊನೆಗೆ ಆಡಿದವನನ್ನೇ ಕೂರಿಸಿಕೊಂಡು, ಬ್ರೌನ್ ಮತ್ತು ಕೇರ್ನ್ಸ್ ಆ ಏಳು ಮಂದಿಯನ್ನು ಕೇಳಿದಂತೆ, ಸಾವಧಾನವಾಗಿ ಕೇಳುತ್ತಾರೆ.

ಮನೆಯಲ್ಲಿ ನಮಗೆ ತಂತಿಗಳಿಲ್ಲ, ದಾಖಲೆಗಳಿಲ್ಲ. ಕೇಳುವ ದಾರಿಯೊಂದು ಮಾತ್ರ ತೆರೆದಿದೆ. 'ಎಷ್ಟು ಹೊತ್ತು ಆಡಿದೆ?' ಎಂಬ ಪ್ರಶ್ನೆಗೆ ಮಗು ಒಂದು ಸಂಖ್ಯೆ ಹೇಳಿ ಪಾರಾಗುತ್ತದೆ. 'ಇವತ್ತು ಆಟದಲ್ಲಿ ಏನಾಯಿತು? ಎಲ್ಲಿ ಸೋತೆ? ಯಾರ ಜೊತೆ ಆಡಿದೆ? ಬಿಟ್ಟು ಬರುವಾಗ ಮನಸ್ಸಿಗೆ ಹಗುರವೆನಿಸಿತೇ, ಭಾರವೆನಿಸಿತೇ?' ಎಂದು ಕೇಳಿ ನೋಡಿ. ಕಣ್ಣರಳಿಸಿ ಹೇಳತೊಡಗಿದರೆ ಅಲ್ಲಿ ಆಟ ಇನ್ನೂ ಆಟವಾಗಿಯೇ ಇದೆ. ಹೇಳಲು ಏನೂ ಇಲ್ಲದೆ ಕೈ ಮಾತ್ರ ಮತ್ತೆ ಆ ಕಡೆಗೇ ಚಾಚಿದರೆ, ಗಡಿಯಾರ ನೋಡುವ ಮೊದಲು ಆ ಮಗುವಿನ ದಿನವನ್ನು ಒಮ್ಮೆ ನೋಡುವುದು ಒಳ್ಳೆಯದು. ಅದರ ಬಾಳಿನಲ್ಲಿ ಯಾವುದು ಬತ್ತಿದೆ ಎಂಬುದು ಅಲ್ಲಿ ತಿಳಿದೀತು.